ಹನ್ನೆರಡು ಪೌಂಡ್ ಗಾಳಿ

ಶನಿವಾರ ನಸುಕು. ರಿಜ್‌ಕ್ರೆಸ್ಟ್ ಇನ್ನೂ ಹೊದ್ದು ಮಲಗಿದೆ.
ಡಾಂಬರು ಮುಗಿದು ಮೋಜಾವೆ ಶುರುವಾಗುವಲ್ಲಿ
ಪಿಕಪ್ಪಿಗೆ ಹಲಗೆ ಆನಿಸಿ, ಮೊಂಡೆಮ್ಮೆಯನ್ನು
ಹಿಂದಕ್ಕೆ ದಬ್ಬುವ ಹಾಗೆ
ಒಂದೊಂದೇ ಬೈಕು ಇಳಿಸುತ್ತೇವೆ.

ಮೊದಲ ಕೆಲಸ, ಗಾಳಿ ಬಿಡುವುದು.
ಬಿಗಿದ ಟೈರು ಮರಳಿಗೆ ಆಗಿಬರುವುದಿಲ್ಲ.
ಹನ್ನೆರಡು ಪೌಂಡ್ ಸಾಕು ಅನ್ನುತ್ತಾಳೆ ಲೂಪೆ,
ವಾಲ್ವಿನ ಪಿನ್ನು ಒತ್ತಿ, ಕಿವಿಗೊಟ್ಟು.
ಸುಸ್ಸ್... ವಾರವಿಡೀ ತುಂಬಿಕೊಂಡದ್ದು
ನನ್ನೊಳಗಿಂದಲೂ ಅಷ್ಟು ಹೋಗುತ್ತದೆ.

ಇವರನ್ನೆಲ್ಲ ನಾನು ಮೊದಲು ಕಂಡದ್ದು ಒಳಗಿನಿಂದ.
ಆಸ್ಪತ್ರೆಯ ಎಕ್ಸ್‌ರೇ ಕೋಣೆ, ರಾತ್ರಿ ಪಾಳಿ:
ಡ್ವೇನನ ಎಡಗಡೆಯ ಕಾಲರ್ ಬೋನು, ಎರಡು ಕಡೆ ತುಂಡು,
ಕೈಜಾರಿದ ಕೋಡುಬಳೆಯ ಹಾಗೆ;
ಲೂಪೆಯ ಮಣಿಕಟ್ಟಿನಲ್ಲಿ ತಿರುಪು ಮೊಳೆ ಏಳು;
ಮುದುಕ ವರ್ನರನ ಮಂಡಿ, ನಡುವೆ ಸಂದೇ ಇಲ್ಲ,
ಎಲುಬಿಗೆ ಎಲುಬು ಒರಗಿ ಕೂತಿದೆ
ಮಾತು ಮುಗಿದ ಇಬ್ಬರು ಗೆಳೆಯರ ಹಾಗೆ.
ಹೇಗೆ ಮುರಿಯಿತು ಅಂತ ಕೇಳಿದ್ದೆ.
ಆ ನೋವಲ್ಲೂ ನಕ್ಕ ಡ್ವೇನ್. "ಬಾ, ತೋರಿಸುತ್ತೇನೆ."

ಬಂದೆ. ನಲವತ್ತಮೂರರ ವಯಸ್ಸಲ್ಲಿ.
ಕೊಪ್ಪಳದಲ್ಲಿ ಅಣ್ಣನ ಲೂನಾವನ್ನು
ಒರೆಸಲಷ್ಟೇ ಮುಟ್ಟಿದ್ದವಳು.

ಮರಳಿನ ಪಾಠ ಎಲ್ಲ ತಿರುಗುಮುರುಗು.
ಹೆದರಿಕೆಯಾಯಿತೋ, ಬ್ರೇಕಲ್ಲ, ಆಕ್ಸಿಲರೇಟರು.
ಹ್ಯಾಂಡಲ್ಲು ಹೊಯ್ದಾಡಿದರೆ ಹೊಯ್ದಾಡಲಿ,
ಗುಬ್ಬಿಮರಿ ಹಿಡಿದಷ್ಟೇ ಹಿಡಿ.
ಮುಂದಿನ ಚಕ್ರ ನೋಡಿದೆಯೋ, ಬಿದ್ದೆ;
ಅಗೋ ಆ ಕ್ರಿಯೊಸೋಟ್ ಪೊದೆ ನೋಡು,
ಅದರಾಚೆಯದು ನೋಡು.
ನೋಡಿದೆ. ಬಿದ್ದೆ. ಮತ್ತೆ ಬಿದ್ದೆ.
ಒಣಹಳ್ಳದ ತಿರುವಿನಲ್ಲಿ ಬೈಕು ಅರ್ಧ ಹೂತು
ಇಂಜಿನ್ನು ಟಿಕ್ ಟಿಕ್ ಎಂದು ಆರುತ್ತಿರುವಾಗ
ಯಾರೂ ಕೇಳರೆಂದು ಬೆನ್ನು ತಟ್ಟಿ
"ಏಳವ್ವಾ, ಏಳು, ಮನಿ ದೂರ ಐತಿ" ಅಂದೆ.
ಹಿಂದೆಯೇ ನಿಂತಿದ್ದ ಡ್ವೇನ್, ಹೆಲ್ಮೆಟ್ಟು ಕೈಲಿ ಹಿಡಿದು.

ಈಗ ಎಲ್ಲರ ಬಾಯಲ್ಲೂ ಅದೇ.
ಆರಡಿ ಮೂರಂಗುಲ, ಸಿಮೆಂಟು ಲಾರಿಯ ಆಸಾಮಿ
ಕಿಕ್ ಹೊಡೆದೂ ಹೊಡೆದೂ ಬೆವರಿಳಿದು
"ಏಲವಾ, ಏಲವಾ" ಎಂದು ಗೋಗರೆಯುತ್ತಾನೆ.
ಹಳೇ ಹೋಂಡಾ. ಕನ್ನಡಕ್ಕೆ ಮಾತ್ರ ಓಗೊಡುತ್ತದಂತೆ.

ಬತ್ತಿದ ಕೆರೆಯ ತಳದಲ್ಲಿ ಮೂರು ಧೂಳಿನ ಬಾಲ.
ಒಬ್ಬರ ಧೂಳು ಇನ್ನೊಬ್ಬರು ನುಂಗದ ಹಾಗೆ
ಅಗಲಗಲ ಹರಡಿ ಓಡುತ್ತೇವೆ.
ತಿರುಗಿ ನೋಡಿದರೆ ಕಾಣಬೇಕು, ಅಷ್ಟೆ.

ಮೂರು. ಈ ಸಲ ವರ್ನರ್ ಬೈಕು ತಂದಿಲ್ಲ.
ಮಾರಿದೆ ಅಂದ, ನನ್ನ ಶೇಂಗಾ ಹಿಂಡಿಯ ಡಬ್ಬಿಯ
ಮುಚ್ಚಳ ತಿರುಗಿಸುತ್ತ, ಬೇರೇನೋ ಹೇಳುವವನಂತೆ.
ಯಾರಿಗೆ?
ಬೇಕರ್ಸ್‌ಫೀಲ್ಡಿನ ಒಬ್ಬ ಹುಡುಗನಿಗೆ.
ಹೇಗೆ ಓಡಿಸುತ್ತಾನೆ?
ಕೈ ಬಿಗಿ. ಕಲಿಯುತ್ತಾನೆ.
ಲೂಪೆ ಒಲೆಯ ಮೇಲಿನ ಟೋರ್ಟಿಯಾ ಮಗುಚಿದಳು,
ಬೆಂದದ್ದನ್ನೇ ಮತ್ತೆ.
ಆ ಮಂಡಿಯ ಚಿತ್ರ ತೆಗೆದವಳು ನಾನು.
ಅವನಿಗಿಂತ ಮೊದಲೇ ಗೊತ್ತಾಗಿತ್ತು ನನಗೆ;
ಹೇಳುವ ಹಾಗಿಲ್ಲ, ಅದು ಡಾಕ್ಟರ ಕೆಲಸ.
ಹಿಂಡಿ ಖಾರ ಅಂದ ವರ್ನರ್, ಕಣ್ಣೊರೆಸಿಕೊಂಡು.
ಇರಬಹುದು. ಖಾರವೇ.

ಹೊರಡುವ ಹೊತ್ತು. ಇನ್ನು ಮೇಲೆ ಪಿಕಪ್ಪು ಅವನದೇ,
ನೀರು, ಐಸು, ಬಿಡಿ ಟ್ಯೂಬು, ನಮ್ಮ ಜೀವ.
ಬಗ್ಗಲಾರದ ಕಾಲಲ್ಲಿ ಬಗ್ಗಿ
ಗಾಡಿಯಡಿ ಇಣುಕಿದ,
ನೆರಳಿಗೆಂದು ಆಮೆ ಬಂದಿದ್ದೀತು ಅಂತ.
ಬಂದಿತ್ತು.
ಮುಟ್ಟುವ ಹಾಗಿಲ್ಲ, ಎಬ್ಬಿಸುವ ಹಾಗಿಲ್ಲ.
ನಲವತ್ತು ನಿಮಿಷ ನೆಲದ ಮೇಲೆ ಕೂತೆವು
ನಾಲ್ವರೂ, ಬಿಸಿಲಲ್ಲಿ,
ತಲೆ ಹೊರಗೆ ಹಾಕೀತೆಂದು.
ಡ್ವೇನ್ ಮೆಲ್ಲಗೆ, ಬೈಕಿಗೆ ಅಂದಂತಲ್ಲ,
ಕೂಸಿಗೆ ಅಂದಂತೆ: ಏಲವಾ.

ಸೋಮವಾರ. ಸೀಸದ ಏಪ್ರನ್ನು ತೊಟ್ಟು,
ಉಸಿರು ಹಿಡೀರಿ, ಅನ್ನುತ್ತೇನೆ ಯಾರಿಗೋ, ಅಲುಗಬೇಡಿ.
ನನ್ನ ಕಿವಿಯಲ್ಲಿನ್ನೂ ಚೂರು ಮರಳು.
ಹೂಂ. ಈಗ ಬಿಡಿ.